ಹಳೆಯ ಸ್ಪೋರ್ಟ್ಸ್ ಕಾರಿನ ಎಂಜಿನ್ ರಿಪೇರಿ: ನಿಯಮ ಸ್ಪಷ್ಟವಾಗಲಿ

ಮಾನ್ಯ ಸಂಪಾದಕರೇ,

ಐವತ್ತು ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯನ್ನು ಹಳೆಯ ಕಾರುಗಳ ಮಾಲೀಕರು ಸ್ವಾಗತಿಸಿದ್ದೇವೆ. ನೋಂದಣಿಗೆ 20,000 ರೂಪಾಯಿ ಶುಲ್ಕ, ಮರುನೋಂದಣಿಗೆ 5,000 ರೂಪಾಯಿ, ದಿನನಿತ್ಯದ ಓಡಾಟಕ್ಕೆ ನಿಷೇಧ, ಇವು ಯಾವುದಕ್ಕೂ ನನ್ನ ತಕರಾರಿಲ್ಲ. ಆದರೆ ವಾಹನವು ಮೂಲ ಸ್ವರೂಪದಲ್ಲೇ ಇರಬೇಕು, ಚಾಸಿ, ಬಾಡಿ ಅಥವಾ ಎಂಜಿನ್ನಿನ ಮಾರ್ಪಾಡು ಸೇರಿದಂತೆ ದೊಡ್ಡ ಪ್ರಮಾಣದ ಓವರ್‌ಹಾಲ್ ಆಗಿರಬಾರದು ಎಂಬ ಷರತ್ತು, ತಮ್ಮ ಕಾರಿನ ಎಂಜಿನ್ನನ್ನು ತಾವೇ ಬಿಚ್ಚಿ ಕಟ್ಟುವವರನ್ನು ಗೊಂದಲಕ್ಕೆ ಕೆಡವಿದೆ. ಯಾವುದು ರಿಪೇರಿ, ಯಾವುದು ಮಾರ್ಪಾಡು ಎಂಬ ಗೆರೆಯನ್ನು ಸಾರಿಗೆ ಇಲಾಖೆ ಎಳೆದು ತೋರಿಸಬೇಕು.

ಉದಾಹರಣೆಗೆ, 1955ರಿಂದ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಎಂಜಿಎ ಸ್ಪೋರ್ಟ್ಸ್ ಕಾರನ್ನು ತೆಗೆದುಕೊಳ್ಳಿ. ಅದರ ಮೊದಲ ಮಾದರಿಯ 1489 ಸಿಸಿ ಎಂಜಿನ್ ನಮಗೆ ಹೊಸದೇನಲ್ಲ. ನಮ್ಮ ಅಂಬಾಸಿಡರ್ ಕಾರುಗಳಲ್ಲಿ ದಶಕಗಳ ಕಾಲ ದುಡಿದದ್ದೂ ಇದೇ ಬಿ-ಸೀರೀಸ್ ವಂಶದ ಎಂಜಿನ್. ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಇದರ ಹೆಡ್ ಎರಕದ ಕಬ್ಬಿಣದ್ದು, ವಾಲ್ವ್ ಕೂರುವ ಸೀಟನ್ನೂ ಆ ಕಬ್ಬಿಣದಲ್ಲೇ ಕಡೆಯಲಾಗಿದೆ. ಪೆಟ್ರೋಲಿನಲ್ಲಿ ಸೀಸ ಇರುವಷ್ಟು ದಿನ ಅದರ ತೆಳುವಾದ ಲೇಪ ಆ ಸೀಟನ್ನು ಕಾಯುತ್ತಿತ್ತು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂದ ಮೇಲೆ, ಹೆಚ್ಚು ವೇಗದಲ್ಲಿ ಓಡಿಸಿದ ಕಾರುಗಳಲ್ಲಿ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವಿನ ಸೀಟು ಸವೆದು ವಾಲ್ವ್ ಹೆಡ್ಡಿನೊಳಕ್ಕೆ ಇಳಿಯತೊಡಗುತ್ತದೆ.

ಇದನ್ನು ಪತ್ತೆ ಹಚ್ಚಲು ವರ್ಕ್‌ಶಾಪ್ ಬೇಕಿಲ್ಲ. ಸಾಲಾಗಿರುವ ಎಂಟು ವಾಲ್ವುಗಳಲ್ಲಿ ಎಂಟನೆಯದು ಪೂರ್ತಿ ಒತ್ತಿಕೊಂಡಾಗ ಒಂದನೆಯದರ ಟ್ಯಾಪೆಟ್ ಸಂದನ್ನು, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರ್ ತೋಳಿಗೂ ನಡುವಿನ ಅಂತರವನ್ನು ಅಳೆಯಬೇಕು, ಏಳನೆಯದು ಒತ್ತಿಕೊಂಡಾಗ ಎರಡನೆಯದರದು. ಎರಡು ವಾಲ್ವುಗಳ ಸಂಖ್ಯೆಗಳ ಮೊತ್ತ ಯಾವಾಗಲೂ ಒಂಬತ್ತು ಎಂದು ನೆನಪಿಟ್ಟುಕೊಂಡರೆ ಸಾಕು. ಎಂಜಿನ್ ಬಿಸಿಯಾಗಿರುವಾಗ ಅಲ್ಲಿ 0.017 ಇಂಚಿನ, ಅಂದರೆ 0.43 ಮಿ.ಮೀ. ದಪ್ಪದ ಫೀಲರ್ ಗೇಜ್ ಎಂಬ ಅಳತೆಯ ತಗಡು ಸ್ವಲ್ಪ ಹಿಡಿತದೊಂದಿಗೆ ಜಾರಬೇಕು. ಸಂದು ಸರಿಪಡಿಸಿದ ನಂತರವೂ ಎಕ್ಸಾಸ್ಟ್ ವಾಲ್ವುಗಳಲ್ಲಿ ಅದು ಮತ್ತೆ ಮತ್ತೆ ಕಿರಿದಾಗುತ್ತಿದ್ದರೆ ಸೀಟು ಸವೆಯುತ್ತಿದೆ ಎಂದೇ ಅರ್ಥ. ಸಂದು ಕಿರಿದಾದಾಗ ಟ್ಯಾಪೆಟ್ ಸದ್ದು ಕಡಿಮೆಯಾಯಿತೆಂದು ಸಂತೋಷಪಡುವ ಮಾಲೀಕರೂ ಇದ್ದಾರೆ. ಈ ಎಂಜಿನ್ನಿನಲ್ಲಿ ಸದ್ದಿಗಿಂತ ಮೌನವೇ ಹೆಚ್ಚು ದುಬಾರಿ. ಪರಿಹಾರವೆಂದರೆ ಹೆಡ್ಡನ್ನು ಬಿಚ್ಚಿ ಮಷಿನ್ ಶಾಪಿಗೆ ಒಯ್ದು ಗಟ್ಟಿ ಉಕ್ಕಿನ ಸೀಟುಗಳನ್ನು ಕೂರಿಸುವುದು. ಹೊರಗಿನಿಂದ ಯಾವ ವ್ಯತ್ಯಾಸವೂ ಕಾಣದ ಈ ಕೆಲಸವನ್ನು ಮಾರ್ಪಾಡು ಎನ್ನಬೇಕೇ?

ಬೋರಿಂಗ್ ವಿಷಯ ಇನ್ನೂ ಸೂಕ್ಷ್ಮವಾದದ್ದು. ಸಿಲಿಂಡರ್ ಸವೆದಾಗ ಬೋರ್ ಮಾಡಿಸಿ, ಅಂದರೆ ಒಳಗಿನಿಂದ ಕೊರೆದು ಅಗಲಗೊಳಿಸಿ, ದೊಡ್ಡ ಅಳತೆಯ ಪಿಸ್ಟನ್ ಹಾಕುವುದು ಕಾರ್ಖಾನೆಯವರೇ ಒಪ್ಪಿದ್ದ ಕ್ರಮ. ಆದರೆ 0.020 ಇಂಚು ಬೋರ್ ಮಾಡಿದರೆ 1489 ಸಿಸಿ ಎಂಜಿನ್ ಸುಮಾರು 1510 ಸಿಸಿ ಆಗುತ್ತದೆ. ಆರ್‌ಸಿಯಲ್ಲಿರುವ ಅಂಕಿಗೂ ಎಂಜಿನ್ನಿಗೂ ಇಪ್ಪತ್ತೊಂದು ಸಿಸಿ ಅಂತರ ಬಂತೆಂದು ಅಧಿಕಾರಿಯೊಬ್ಬರು ಅರ್ಜಿಯನ್ನು ತಿರಸ್ಕರಿಸಿದರೆ ಮಾಲೀಕನ ಬಳಿ ಉತ್ತರವಿಲ್ಲ.

ಇದರ ಜೊತೆಗೆ ಶೇ. 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ ಈ ಇಂಧನದಲ್ಲಿರುವ ಎಥನಾಲ್ ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗಾಗಿಸುತ್ತದೆ, ನೀರಿನಂಶವನ್ನು ಹೀರಿಕೊಳ್ಳುತ್ತದೆ. ನಿಂತೇ ಇರುವ ಕಾರಿನ ಟ್ಯಾಂಕ್ ಹಾಗೂ ಕಾರ್ಬುರೇಟರ್ ತುಕ್ಕು ಹಿಡಿಯಲು ಅಷ್ಟು ಸಾಕು. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಗಾಳಿ-ಇಂಧನ ಮಿಶ್ರಣದಲ್ಲಿ ಇಂಧನದ ಪಾಲು ತೆಳುವಾಗಿ ಎಂಜಿನ್ ಹೆಚ್ಚು ಕಾಯುತ್ತದೆ. ಎಂಜಿಎಯ ಜೋಡಿ ಎಸ್‌ಯು ಕಾರ್ಬುರೇಟರ್‌ಗಳಲ್ಲಿ ಇಂಧನ ಹೊರಬರುವ ಜೆಟ್ಟಿನ ನಟ್ಟನ್ನು ತುಸು ಇಳಿಸಿ ಇದನ್ನು ಮನೆಯಲ್ಲೇ ಒಂದು ಮಟ್ಟಿಗೆ ಸರಿದೂಗಿಸಬಹುದು, ಎಥನಾಲ್ ತಡೆಯುವ ಪೈಪುಗಳನ್ನೂ ಹಾಕಿಕೊಳ್ಳಬಹುದು. ಪೈಪು ಬದಲಿಸದೆ ಮೂಲ ಸ್ವರೂಪ ಕಾಪಾಡುತ್ತೇನೆ ಎನ್ನುವವರು ಬಿಸಿ ಎಕ್ಸಾಸ್ಟಿನ ಪಕ್ಕದಲ್ಲೇ ಪೆಟ್ರೋಲ್ ಸೋರಲು ಬಿಡುತ್ತಿದ್ದಾರೆ.

ವಿಂಟೇಜ್ ವಾಹನವನ್ನು ಪ್ರದರ್ಶನ ಹಾಗೂ ರ‍್ಯಾಲಿಗಳಿಗೆ ಮಾತ್ರವಲ್ಲದೆ ನಿರ್ವಹಣೆಗಾಗಿಯೂ ರಸ್ತೆಗಿಳಿಸಲು ಇದೇ ನಿಯಮ ಅವಕಾಶ ಕೊಟ್ಟಿದೆ. ಆದ್ದರಿಂದ ವಾಲ್ವ್ ಸೀಟು, ಕಾರ್ಖಾನೆಯ ಮಿತಿಯೊಳಗಿನ ಬೋರಿಂಗ್ ಮತ್ತು ಇಂಧನ ಪೈಪುಗಳ ಬದಲಾವಣೆ ನಿರ್ವಹಣೆಯೇ ಎಂದು ಕೇಂದ್ರ ಸಾರಿಗೆ ಸಚಿವಾಲಯ ಸುತ್ತೋಲೆ ಹೊರಡಿಸಬೇಕು. ರಾಜ್ಯ ಸಾರಿಗೆ ಇಲಾಖೆಯು ವಾಹನಗಳನ್ನು ಪರಿಶೀಲಿಸುವ ಸಮಿತಿಗೆ, ಅಂಬಾಸಿಡರ್ ಎಂಜಿನ್ನುಗಳನ್ನು ಬಿಚ್ಚಿ ಕಟ್ಟಿ ಪಳಗಿದ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಸೇರಿಸಿಕೊಳ್ಳಲಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದರೆ ಅಂಥವರು ಈಗಲೂ ಸಿಗುತ್ತಾರೆ.

ಇತಿ,
ಹಳೆಯ ಕಾರಿನ ಮಾಲೀಕ, ಮೈಸೂರು