ಮಗಳಿಗೊಂದು ಪತ್ರ: ಹುಬ್ಬೆ ಮಳೆಯ ಹಕ್ಕಿಗಳು

ಚಿರಂಜೀವಿ ಮಗಳಿಗೆ ಅಮ್ಮನ ಆಶೀರ್ವಾದಗಳು.

ಮಕ್ಕಳಿಗೆ ವಲಸೆ ಹಕ್ಕಿಗಳನ್ನು ಯಾವಾಗ, ಹೇಗೆ ತೋರಿಸಲಿ ಎಂದು ನೀನು ಮೊನ್ನೆ ಫೋನಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹೇಳತೊಡಗಿದ್ದೆ, ಅಷ್ಟರಲ್ಲಿ ಕರೆಂಟು ಹೋಗಿ ಅದರ ಹಿಂದೆಯೇ ನೆಟ್‌ವರ್ಕೂ ಹೋಯಿತು. ಅದೂ ಒಳ್ಳೆಯದೇ ಆಯಿತು, ಏಕೆಂದರೆ ಇದು ಎರಡು ಮಾತಿನಲ್ಲಿ ಮುಗಿಯುವ ವಿಷಯವಲ್ಲ. ಶಾಲೆಯ ಮಕ್ಕಳನ್ನು ಡಿಸೆಂಬರ್‌ನಲ್ಲಿ ಮಾಗಡಿ ಕೆರೆಗೆ ಕರೆದೊಯ್ದು ವಲಸೆ ಹಕ್ಕಿಗಳನ್ನು ತೋರಿಸಬೇಕೆಂದಿರುವೆ. ಖಂಡಿತ ತೋರಿಸು. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಶಿರಹಟ್ಟಿ ಸೀಮೆಯ ಕೆರೆಯೊಂದರಲ್ಲಿ ಚಳಿಗಾಲ ಕಳೆಯುವುದೇ ಒಂದು ಸೋಜಿಗ. 2024ರಲ್ಲಿ ಆ ಕೆರೆ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ಆದರೆ ಹೆಬ್ಬಾತುಗಳು ಬರುವ ಹೊತ್ತಿಗೆ ವಲಸೆಯ ಅರ್ಧ ಕತೆ ಮುಗಿದಿರುತ್ತದೆ. ಮೊದಲ ಹಕ್ಕಿಗಳು ಮಳೆಗಾಲ ಮುಗಿಯುವ ಮುನ್ನವೇ, ಮಘೆ ಮತ್ತು ಹುಬ್ಬೆಯ ಮಳೆಯ ನಡುವೆ, ಅಂದರೆ ಆಗಸ್ಟ್ ಕೊನೆಯ ಹೊತ್ತಿಗೆ, ಯಾರ ಕಣ್ಣಿಗೂ ಬೀಳದಂತೆ ಬಂದು ಸೇರುತ್ತವೆ. ಉತ್ತರದ ನಾಡುಗಳಲ್ಲಿ ಅದು ಬೇಸಿಗೆಯ ಕೊನೆ. ಆದ್ದರಿಂದ ಡಿಸೆಂಬರಿನವರೆಗೆ ಕಾಯದೆ ಈ ವಾರವೇ ಮಕ್ಕಳೊಂದಿಗೆ ನಡೆಯಲು ಶುರುಮಾಡು.

ನಮ್ಮ ಮನೆಯ ಅಡಿಕೆ ಲೆಕ್ಕದ ಪುಸ್ತಕ ನಿನಗೆ ಗೊತ್ತೇ ಇದೆ. ಕೊಳೆರೋಗಕ್ಕೆ ಎರಡನೆಯ ಸಲ ಔಷಧಿ ಹೊಡೆಸಿದ ದಿನ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡನಿಗೆ ಕೊಟ್ಟ ಮುಂಗಡ, ಗೊಬ್ಬರದ ಖರ್ಚು, ಎಲ್ಲವನ್ನೂ ನಿನ್ನ ಅಪ್ಪ ಅದರಲ್ಲಿ ಬರೆಯುತ್ತಿದ್ದರು. ಅದರ ಅಂಚಿನಲ್ಲಿ ನಾನು ವರ್ಷಕ್ಕೊಂದು ಸಾಲು ಬರೆಯುತ್ತ ಬಂದೆ: ‘ಕುಂಡೆಕುಸ್ಕ ಬಂತು.’ ಬಚ್ಚಲ ಹಿಂದಿನ ಹಳ್ಳದ ಕಲ್ಲಿನ ಮೇಲೆ ಬಾಲ ಕುಣಿಸುತ್ತ ನಿಲ್ಲುವ, ಬೂದು ಬೆನ್ನಿನ, ಹಳದಿ ಹೊಟ್ಟೆಯ ಆ ಹಕ್ಕಿ ಹಿಮಾಲಯದಲ್ಲೋ ಅದರಾಚೆಯ ನಾಡುಗಳಲ್ಲೋ ಮರಿಮಾಡಿ ಇಲ್ಲಿಗೆ ಬರುತ್ತದೆ. 2009ರಲ್ಲಿ ಸೆಪ್ಟೆಂಬರ್ 6ಕ್ಕೆ, 2014ರಲ್ಲಿ 11ಕ್ಕೆ, 2021ರಲ್ಲಿ 3ಕ್ಕೆ ಬಂದಿತ್ತು. ಪ್ರತಿ ವರ್ಷವೂ ಅದೇ ಕಲ್ಲಿಗೆ ಬರುವುದು ಅದೇ ಹಕ್ಕಿಯೇ ಎಂದು ನೀನು ಚಿಕ್ಕವಳಿದ್ದಾಗ ಕೇಳುತ್ತಿದ್ದೆ. ಕಾಲಿಗೆ ಉಂಗುರ ತೊಡಿಸದೆ ಅದನ್ನು ಹೇಳಲಾಗುವುದಿಲ್ಲ ಎಂಬ ನನ್ನ ಉತ್ತರ ಇಂದಿಗೂ ಅದೇ.

2016ರ ಪುಟದಲ್ಲಿ ಮಾತ್ರ ಏನೂ ಇಲ್ಲ. ಆ ಸೆಪ್ಟೆಂಬರ್ ಪೂರ್ತಿ ನಾನು ಅಪ್ಪನೊಂದಿಗೆ ಆಸ್ಪತ್ರೆಯಲ್ಲಿದ್ದೆ. ಹಕ್ಕಿ ಬರಲಿಲ್ಲವೋ, ನೋಡುವವರಿರಲಿಲ್ಲವೋ ಎಂಬುದನ್ನು ಆ ಖಾಲಿ ಅಂಚು ಹೇಳುವುದಿಲ್ಲ, ನನ್ನ ನಂತರ ಆ ಪುಸ್ತಕ ಓದುವವರಿಗಂತೂ ತಿಳಿಯುವ ದಾರಿಯೇ ಇಲ್ಲ. ಅಂದಿನಿಂದ ನಾನು ಹಳ್ಳಕ್ಕೆ ಹೋಗಿ ಹಕ್ಕಿ ಕಾಣದೆ ಮರಳಿದ ದಿನಗಳನ್ನೂ ಬರೆಯುತ್ತಿದ್ದೇನೆ. ಮಕ್ಕಳಿಗೆ ಮೊದಲು ಕಲಿಸಬೇಕಾದದ್ದು ಇದನ್ನೇ, ಹಕ್ಕಿಯ ಹೆಸರುಗಳನ್ನಲ್ಲ: ‘ನೋಡಿದೆವು, ಇರಲಿಲ್ಲ’ ಎಂಬುದೂ ಒಂದು ದಾಖಲೆ.

ಇಂಥ ಬರಹ ಮನೆಯ ಮಟ್ಟಿಗೇ ಉಳಿಯಬೇಕಿಲ್ಲ. 2007ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ‘ಮೈಗ್ರಂಟ್‌ವಾಚ್’ ಎಂಬ ಕೆಲಸ ಆರಂಭವಾದಾಗ ಅವರು ಊರೂರಿನ ಜನರನ್ನು ಕೇಳಿದ್ದು ಇಷ್ಟೇ: ಒಂಬತ್ತು ಬಗೆಯ ವಲಸೆ ಹಕ್ಕಿಗಳಲ್ಲಿ ಯಾವುದನ್ನಾದರೂ ಈ ಋತುವಿನಲ್ಲಿ ನೀವು ಮೊದಲು ಕಂಡ ದಿನ ಯಾವುದು? ಈಗ ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಎಂಬ ಜಾಲತಾಣ ಇದೆ. ಅದರಲ್ಲಿ ಪಟ್ಟಿ ಸೇರಿಸುವಾಗ ಅಪರೂಪದ ಹಕ್ಕಿಯನ್ನಷ್ಟೇ ಬರೆಯದೆ ಕಾಗೆ, ಗುಬ್ಬಿ, ಮೈನಾ ಸಹಿತ ಗುರುತಿಸಿದ ಎಲ್ಲವನ್ನೂ, ನಡೆದ ಹೊತ್ತನ್ನೂ ದೂರವನ್ನೂ ಬರೆಯಬೇಕು. ಪಟ್ಟಿ ಪೂರ್ತಿಯಾಗಿದ್ದರೆ ಮಾತ್ರ ಅದರಲ್ಲಿಲ್ಲದ ಹೆಸರಿಗೂ ಅರ್ಥ ಬರುತ್ತದೆ.

ನಮ್ಮ ಸೊರಬದ ಕಾಡಿಗೂ ಈ ದೇಶದ ಹಕ್ಕಿವಲಸೆಯ ಅಧ್ಯಯನಕ್ಕೂ ಇರುವ ನಂಟನ್ನು ಮಕ್ಕಳಿಗೆ ತಪ್ಪದೆ ಹೇಳು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಮೊದಲು ಗುರುತಾದಾಗ, ರಷ್ಯಾದ ಕಡೆಯ ಜ್ವರಗಳ ವೈರಾಣುವಿಗೆ ಇದು ಹತ್ತಿರದ್ದೆಂದು ಕಂಡುಬಂದು, ಉಣುಗುಗಳನ್ನು ಮೈಮೇಲೆ ಹೊತ್ತು ವಲಸೆ ಹಕ್ಕಿಗಳೇ ರೋಗವನ್ನು ತಂದಿರಬಹುದೇ ಎಂಬ ಶಂಕೆ ಹುಟ್ಟಿತು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು, ಪಕ್ಷಿತಜ್ಞ ಸಲೀಂ ಅಲಿಯವರ ಮುಂದಾಳ್ತನದಲ್ಲಿ, ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸಿ ಬಿಡುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡರು. ನಮ್ಮ ಹಳ್ಳಿಗಳಿಗೆ ಸಾವು ತಂದ ಕಾಯಿಲೆಯೊಂದು ಹಕ್ಕಿಗಳ ದಾರಿಯನ್ನು ಹುಡುಕುವ ಕೆಲಸಕ್ಕೆ ಕಾರಣವಾಯಿತೆಂಬುದು ನನ್ನನ್ನು ಇಂದಿಗೂ ಕಲಕುತ್ತದೆ.

ಇನ್ನು ನಿನ್ನ ಊರಿನ ಮಾತು. ನಿನ್ನದು ಎರೆಹೊಲದ ಸೀಮೆ. ಹೆಸರುಕಾಳಿನ ಬೆಳೆ ಕಿತ್ತು, ಹಿಂಗಾರಿ ಜೋಳದ ಬಿತ್ತನೆಗೆ ಹೊಲಗಳು ಅಣಿಯಾಗುತ್ತಿರುವ ದಿನಗಳಿವು. ದೊಡ್ಡ ಕೆರೆ ಬೇಕಿಲ್ಲ, ಊರ ಹೊರಗಿನ ಕೃಷಿಹೊಂಡ, ನೀರು ನಿಂತ ತಗ್ಗು, ಹಳ್ಳದ ಮಗ್ಗುಲು ಸಾಕು. ಅಲ್ಲಿ ಮೊದಲು ಕಾಣುವುದು ಗದ್ದೆಗೊರವಗಳು, ಇಂಗ್ಲಿಷಿನಲ್ಲಿ ಸ್ಯಾಂಡ್‌ಪೈಪರ್ ಎನ್ನುವ ನೀರಂಚಿನ ಹಕ್ಕಿಗಳು. ಒಂಟಿಯಾಗಿ ನಿಂತು, ಸಮೀಪಿಸಿದೊಡನೆ ಸಿಳ್ಳೆಯಂಥ ದನಿ ಮಾಡಿ, ಕಪ್ಪಾದ ರೆಕ್ಕೆಗಳ ನಡುವೆ ಬೆಳ್ಳಗಿನ ಪೃಷ್ಠ ತೋರಿಸುತ್ತ ಮೇಲಕ್ಕೆ ಚಿಮ್ಮಿದರೆ ಅದು ಹಸಿರು ಗದ್ದೆಗೊರವ. ಬೆನ್ನಿನ ಮೇಲೆ ಚುಕ್ಕಿಗಳು ಎದ್ದು ಕಂಡು, ಕಣ್ಣಿನ ಮೇಲೆ ಬಿಳಿಯ ಹುಬ್ಬೂ ಹಳದಿ ಛಾಯೆಯ ಕಾಲೂ ಇದ್ದರೆ ಅಡವಿ ಗದ್ದೆಗೊರವ. ಹಿಂಭಾಗವನ್ನು ಬಿಡದೆ ಕುಣಿಸುತ್ತ ದಡದಲ್ಲಿ ಓಡಾಡಿ, ರೆಕ್ಕೆಯನ್ನು ಬಿಗಿಯಾಗಿ ಅದುರಿಸುತ್ತ ನೀರಿನ ಮಟ್ಟದಲ್ಲೇ ಹಾರುವುದು ಸಾಮಾನ್ಯ ಗದ್ದೆಗೊರವ. ಮೂರನ್ನೂ ಒಂದೇ ದಿನ ಕಲಿಸಲು ಹೋಗಬೇಡ. ಕಾಲಿನ ಬಣ್ಣಕ್ಕಿಂತ ಹಕ್ಕಿಯ ನಡಿಗೆಯನ್ನು ಮಕ್ಕಳು ಬೇಗ ಹಿಡಿಯುತ್ತಾರೆ ಎಂಬುದು ನಾನು ನಿನ್ನಿಂದಲೇ ಕಲಿತದ್ದು.

ಈ ಗೊರವಗಳಲ್ಲಿ ಬೆಳೆದ ಹಕ್ಕಿಗಳು ಮೊದಲು ಹೊರಡುತ್ತವೆ, ಅದೇ ವರ್ಷ ಮೊಟ್ಟೆಯೊಡೆದ ಮರಿಗಳು ಕೆಲವು ವಾರಗಳ ನಂತರ, ದಾರಿ ತೋರಿಸುವ ತಾಯ್ತಂದೆಯರಿಲ್ಲದೆ, ತಾವೇ ದಕ್ಷಿಣಕ್ಕೆ ಬರುತ್ತವೆ. ಹೊರಡುವ ದಿಕ್ಕು ಹುಟ್ಟಿನಿಂದಲೇ ಬಂದಿರುತ್ತದೆ, ಸೂರ್ಯ, ನಕ್ಷತ್ರ, ಭೂಮಿಯ ಕಾಂತಕ್ಷೇತ್ರ ದಾರಿಗೆ ನೆರವಾಗುತ್ತವೆ. ಇದನ್ನು ಹೇಳಿದ ಮೇಲೆ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಒಂದು ಇಡೀ ತರಗತಿ ಬೇಕಾದೀತು.

ಗುಲಾಬಿ ಮೈನಾಗಳು ಹಿಂಡುಹಿಂಡಾಗಿ ಬರುತ್ತವೆ, ಅವನ್ನು ಯಾರೂ ತೋರಿಸಬೇಕಿಲ್ಲ. ಸೆಳೆವಗಳಿಗೆ ಮಾತ್ರ ತಾಳ್ಮೆ ಬೇಕು. ಸೆಪ್ಟೆಂಬರಿನ ಕೊನೆಯ ಹೊತ್ತಿಗೆ ಹುಲ್ಲುಗಾವಲಿನ ಮೇಲೆ ರೆಕ್ಕೆಯನ್ನು ತುಸು ಮೇಲೆತ್ತಿ ಕೆಳಮಟ್ಟದಲ್ಲಿ ತೇಲುತ್ತ ಮಿಡತೆ ಹುಡುಕುವ ಈ ಬೇಟೆಹಕ್ಕಿಗಳು ರಾತ್ರಿ ನೆಲದ ಮೇಲೆಯೇ, ಹುಲ್ಲಿನ ನಡುವೆ ಗುಂಪಾಗಿ ಮಲಗುತ್ತವೆ. ಆದ್ದರಿಂದ ಪಾಳುಭೂಮಿ ಎಂದು ಜನ ಕರೆಯುವ ಹುಲ್ಲುಗಾವಲು ಹೋದರೆ ಅವುಗಳ ಊಟವೂ ಹಾಸಿಗೆಯೂ ಒಟ್ಟಿಗೆ ಹೋಗುತ್ತವೆ. ಅವುಗಳ ಹೆಣ್ಣುಗಳನ್ನೂ ಎಳೆಯವನ್ನೂ ಬಗೆಬಗೆಯಾಗಿ ಗುರುತಿಸುವುದು ಪಳಗಿದವರಿಗೂ ಕಷ್ಟ. ‘ಸೆಳೆವ’ ಎಂದಷ್ಟೇ ಬರೆಯಲಿ, ಊಹೆಯ ಹೆಸರು ಬೇಡ.

ಹತ್ತು ಮಕ್ಕಳಿಗಿಂತ ಹೆಚ್ಚು ಜನರನ್ನು ಒಮ್ಮೆಗೆ ಕರೆದೊಯ್ಯಬೇಡ. ಬೆಳಗಿನ ಹೊತ್ತು ನೀರಿನ ಮೂಡಣ ದಡದಲ್ಲಿ ನಿಂತರೆ ಬಿಸಿಲು ಬೆನ್ನಿಗಿದ್ದು ಹಕ್ಕಿಯ ಬಣ್ಣ ನಿಚ್ಚಳವಾಗಿ ಕಾಣುತ್ತದೆ. ಹೊಲಕ್ಕಿಳಿಯುವ ಮೊದಲು ಒಡೆಯರನ್ನು ಕೇಳು, ಬದುವಿನ ಮೇಲೆಯೇ ನಡೆಸು. ಮೊಬೈಲಿನಿಂದ ಹಕ್ಕಿಯ ಕೂಗು ಹಾಕಿ ಕರೆಯುವುದನ್ನು ಯಾರಿಗೂ ಬಿಡಬೇಡ, ಸಾವಿರಾರು ಮೈಲಿ ಹಾರಿ ದಣಿದು ಬಂದ ಹಕ್ಕಿಯನ್ನು ಇಲ್ಲದ ಜಗಳಕ್ಕೆ ಎಳೆಯುವ ಆ ಕೆಲಸವನ್ನು ನಾನು ಒಪ್ಪುವುದಿಲ್ಲ. ಮುಖ್ಯವಾಗಿ, ಪ್ರತಿ ವಾರ ಅದೇ ದಿನ, ಅದೇ ದಾರಿಯಲ್ಲಿ ನಡೆಯಿರಿ. ಹೊಸ ಜಾಗಗಳ ಆಸೆ ಬೇಡ, ದಾರಿ ಬದಲಾಗದಿದ್ದರೆ ಅಲ್ಲಿ ಬದಲಾದದ್ದು ಕಣ್ಣಿಗೆ ಬೀಳುತ್ತದೆ.

ಅಪ್ಪನ 8×42 ದುರ್ಬೀನನ್ನು ಒರೆಸಿ, ಹೊಸ ಪಟ್ಟಿ ಹಾಕಿಸಿ ಇಟ್ಟಿದ್ದೇನೆ, ಮುಂದಿನ ವಾರ ನಿನಗೆ ಕಳಿಸುತ್ತೇನೆ. ಜೊತೆಗೆ ಲೆಕ್ಕದ ಪುಸ್ತಕದ ಅಂಚುಗಳನ್ನು ಒಂದು ನೋಟ್‌ಬುಕ್ಕಿಗೆ ನಕಲು ಮಾಡಿದ್ದೇನೆ, 2016ರ ಸಾಲಿನಲ್ಲಿ ‘ನೋಡಿದವರಿಲ್ಲ’ ಎಂದು ಈಗ ಬರೆದಿದ್ದೇನೆ.

ಇವತ್ತು ಹುಬ್ಬೆಯ ಐದನೆಯ ದಿನ. ಬೆಳಗ್ಗೆ ಮಳೆ ಬಿಟ್ಟಾಗ ಹಳ್ಳದ ಹತ್ತಿರ ಅರ್ಧ ಗಂಟೆ ನಿಂತಿದ್ದೆ. ನೀರು ಕಲ್ಲಿನ ನೆತ್ತಿಯವರೆಗೆ ಇದೆ. ಕುಂಡೆಕುಸ್ಕ ಇರಲಿಲ್ಲ, ಹಾಗೆಂದು ಬರೆದಿಟ್ಟು ಈ ಪತ್ರಕ್ಕೆ ಕೂತೆ.

ನಿನ್ನ,
ಅಮ್ಮ