ಸಿಂಕ್ ತೂತು ಇನ್ನು ಶೆಡ್‌ನಲ್ಲೇ ಕೊರೆಯುತ್ತೇವೆ: ನಮ್ಮ ಗ್ರಾಹಕರಿಗೊಂದು ಪತ್ರ

ನಮಸ್ಕಾರ,

ಅಡುಗೆ ಕಟ್ಟೆಗೆ ನಮ್ಮಲ್ಲಿ ಗ್ರಾನೈಟ್ ಬುಕ್ ಮಾಡಿದವರಿಗೆ, ಮಾಡಬೇಕು ಅಂತ ಇರುವವರಿಗೆ ಈ ಪತ್ರ. ಮುಂದಿನ ತಿಂಗಳು 1ನೇ ತಾರೀಖಿನಿಂದ ಎರಡು ವಿಷಯ ಬದಲಾಗುತ್ತವೆ. ಸಿಂಕ್‌ಗೂ ಹಾಬ್‌ಗೂ (ಕಟ್ಟೆಯೊಳಗೆ ಕೂರಿಸುವ ಗ್ಯಾಸ್ ಒಲೆ) ಬೇಕಾದ ತೂತನ್ನು ಜಿಗಣಿಯ ನಮ್ಮ ಶೆಡ್‌ನಲ್ಲೇ ಕೊರೆದು ಕಳಿಸುತ್ತೇವೆ, ನಿಮ್ಮ ಮನೆಗೆ ಬಂದು ಕೊರೆಯುವುದಿಲ್ಲ. ಇನ್ನೊಂದು, ಹೊಸ ಕಲ್ಲಿನಲ್ಲಿ ಒಳಗೆ ಇಳಿದ ಬಿರುಕು ಕಂಡರೆ ಅಂಟು ತುಂಬಿ ಮುಚ್ಚುವ ಮಾತೇ ಇಲ್ಲ, ಆ ತುಂಡನ್ನೇ ಬದಲಾಯಿಸುತ್ತೇವೆ. ಖರ್ಚು ಸ್ವಲ್ಪ ಜಾಸ್ತಿಯಾಗುತ್ತದೆ. ದಿನಗಳೂ ಜಾಸ್ತಿ ಹಿಡಿಯುತ್ತವೆ. ಆದ್ದರಿಂದ ಕಾರಣ ಬಿಡಿಸಿ ಹೇಳಬೇಕು.

ನಮ್ಮ ಕಡೆ ಸಾಮಾನ್ಯವಾಗಿ ನಡೆಯುವುದು ಹೀಗೆ. ಕಲ್ಲು ಮನೆಗೆ ಬರುತ್ತದೆ, ಕಡಪ ಕಲ್ಲಿನ ಮೇಲೋ ಕಾಂಕ್ರೀಟ್ ಮೇಲೋ ಕೂರುತ್ತದೆ, ಆಮೇಲೆ ಸಿಂಕ್ ಬಂದ ದಿನ ಯಾರೋ ಒಬ್ಬರು ಕೈ ಕಟರ್ ಹಿಡಿದು ಕೊರೆಯುತ್ತಾರೆ. ಕಟರ್ ಬ್ಲೇಡ್ ದುಂಡಗಿರುತ್ತದೆ, ಮೂಲೆಯಲ್ಲಿ ತುಂಡು ಬಿಡಬೇಕಾದರೆ ಗೆರೆ ದಾಟಿ ಸ್ವಲ್ಪ ಮುಂದಕ್ಕೆ ಕೊಯ್ಯಲೇಬೇಕು. ಆ ಹೆಚ್ಚುವರಿ ಸೀಳು ಸಿಂಕ್ ಅಂಚಿನ ಕೆಳಗೆ ಮುಚ್ಚಿಹೋಗುತ್ತದೆ, ಯಾರಿಗೂ ಕಾಣುವುದಿಲ್ಲ. ಆದರೆ ಬಿರುಕು ಶುರುವಾಗುವುದು ಬಹಳ ಸಲ ಅಲ್ಲಿಂದಲೇ. ಚೂಪು ಮೂಲೆಯಲ್ಲಿ ಭಾರದ ಒತ್ತಡವೆಲ್ಲ ಒಂದೇ ಬಿಂದುವಿಗೆ ಬಂದು ಸೇರುತ್ತದೆ. ಮೂಲೆ ದುಂಡಗಿದ್ದರೆ ಅದು ಹಂಚಿಹೋಗುತ್ತದೆ. ಅದಕ್ಕೇ ನಾವು ಮೊದಲು ನಾಲ್ಕು ಮೂಲೆಯಲ್ಲೂ ಡ್ರಿಲ್‌ನಿಂದ ದುಂಡು ತೂತು ಹಾಕಿ, ನಂತರ ಅವುಗಳ ನಡುವೆ ಮಾತ್ರ ಕೊಯ್ಯುತ್ತೇವೆ. ಇದನ್ನು ಕಟ್ಟೆಯ ಮೇಲೆ ಕೂತ ಕಲ್ಲಿಗೆ ಸರಿಯಾಗಿ ಮಾಡುವುದು ಕಷ್ಟ. ಶೆಡ್‌ನಲ್ಲಿ ಕಲ್ಲಿಗೆ ಕೆಳಗಿನಿಂದ ಪೂರ್ತಿ ಆಧಾರ ಇರುತ್ತದೆ, ಮೇಲಿನಿಂದ ನೀರು ಹರಿಯುತ್ತಿರುತ್ತದೆ.

ಆ ನೀರಿನ ವಿಷಯ ಕಲ್ಲಿಗಿಂತ ದೊಡ್ಡದು. ಗ್ರಾನೈಟ್ ಒಣಗಿದ್ದಾಗ ಕೊಯ್ದರೆ ಏಳುವ ದೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ವರ್ಷಗಟ್ಟಲೆ ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಬರಬಹುದು, ಬಂದರೆ ವಾಸಿಯಾಗುವುದಿಲ್ಲ. ಫ್ಯಾಕ್ಟರಿಯಲ್ಲಿ ತಯಾರಾಗುವ ಕ್ವಾರ್ಟ್ಜ್ ಕಲ್ಲಿನಲ್ಲಂತೂ ಸಿಲಿಕಾ ಇನ್ನೂ ಜಾಸ್ತಿ. ಈ ಕಾಯಿಲೆಯ ಕಾರಣಕ್ಕೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಕಲ್ಲನ್ನು ನಿಷೇಧಿಸಿದೆ. ಬಾಗಿಲು ಹಾಕಿದ ಅಡುಗೆಮನೆಯಲ್ಲಿ ಮೂಗಿಗೆ ಟವೆಲ್ ಕಟ್ಟಿಕೊಂಡು ಒಣ ಕಲ್ಲು ಕೊಯ್ಯುವ ಕೆಲಸಕ್ಕೆ ನಮ್ಮ ಹುಡುಗರನ್ನು ಇನ್ನು ಕಳಿಸುವುದಿಲ್ಲ. ಅದರಲ್ಲಿ ಚೌಕಾಸಿ ಬೇಡ.

ಈಗ ಬಿರುಕಿನ ವಿಷಯ. ಕಲ್ಲಿನ ಮೇಲೆ ಕಾಣುವ ಗೆರೆಯೆಲ್ಲ ಬಿರುಕಲ್ಲ. ಕನಕಪುರ, ರಾಮನಗರದ ಕಡೆಯ ಕಲ್ಲು ಸುಮಾರು 250 ಕೋಟಿ ವರ್ಷ ಹಳೆಯದು. ಅಷ್ಟು ಕಾಲದಲ್ಲಿ ನೆಲದೊಳಗೆ ಸೀಳಾಗಿ, ಆ ಸೀಳಿನಲ್ಲಿ ಬೇರೆ ಖನಿಜ ತುಂಬಿ ಮತ್ತೆ ಗಟ್ಟಿಯಾದ ಜಾಗಗಳು ಇರುತ್ತವೆ, ಅವೇ ಬಿಳಿ, ಗುಲಾಬಿ ಎಳೆಗಳಾಗಿ ಕಾಣುವುದು. ಅದು ಆ ಕಲ್ಲಿನ ಚೆಂದ. ಹಾಗೇ ಪಾಲಿಶ್ ಆದ ಕಲ್ಲನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಸಣ್ಣ ಸಣ್ಣ ಗುಳಿ ಕಾಣುತ್ತವೆ. ಅಭ್ರಕದ ಕಣ ಮೆತ್ತಗಿರುತ್ತದೆ, ಪಾಲಿಶ್ ಮಾಡುವಾಗ ಉದುರುತ್ತದೆ, ಗುಳಿಯಾಗುತ್ತದೆ. ಇದಕ್ಕೆ ಕಲ್ಲು ಬದಲಾಯಿಸುವುದಿಲ್ಲ, ಕೇಳಲೂಬೇಡಿ ದಯವಿಟ್ಟು.

ನಿಜವಾದ ಬಿರುಕು ಗೊತ್ತಾಗುವುದು ಹೇಗೆ? ಒದ್ದೆ ಬಟ್ಟೆಯಿಂದ ಇಡೀ ಕಲ್ಲು ಒರೆಸಿ, ಸುಮ್ನೆ ಸ್ವಲ್ಪ ಹೊತ್ತು ನಿಂತು ನೋಡಿ. ಮೇಲ್ಭಾಗವೆಲ್ಲ ಒಣಗಿದ ಮೇಲೂ ಒಂದು ಗೆರೆ ಮಾತ್ರ ಕಪ್ಪಗೆ ಒದ್ದೆಯಾಗಿ ಉಳಿದರೆ ನೀರು ಒಳಗೆ ಇಳಿದಿದೆ ಅಂತ ಅರ್ಥ. ಉಗುರು ಅಡ್ಡ ಎಳೆದರೆ ಅಲ್ಲಿ ತಡೆಯುತ್ತದೆ, ಒಂದು ಕಡೆ ಕಲ್ಲು ಕೂದಲೆಳೆಯಷ್ಟು ಎತ್ತರ ಇರುತ್ತದೆ. ಶೆಡ್‌ನಲ್ಲಿ ನಿಲ್ಲಿಸಿದ ಸ್ಲ್ಯಾಬ್ ಆದರೆ ನಾಣ್ಯದಿಂದ ತಟ್ಟಿ. ಗಟ್ಟಿ ಕಲ್ಲು ಟಣ್ ಅನ್ನುತ್ತದೆ, ಒಡೆದದ್ದು ಹಾಗೆ ಅನ್ನುವುದಿಲ್ಲ. ಕಟ್ಟೆಯ ಮೇಲೆ ಕೂರಿಸಿದ ಮೇಲೆ ತಟ್ಟಿದಾಗ ಪೊಳ್ಳು ಶಬ್ದ ಬಂದರೆ ಅದು ಬೇರೆ ವಿಷಯ. ಕೆಳಗೆ ಸಿಮೆಂಟ್ ತುಂಬಿಲ್ಲ, ಗಾಳಿ ಇದೆ ಅಂತ. ಇವತ್ತು ಕಲ್ಲು ಚೆನ್ನಾಗಿದ್ದರೂ ಮುಂದೆ ಅಲ್ಲೇ ಒಡೆಯಬಹುದು, ಹಾಗಾಗಿ ಅವತ್ತೇ ಹೇಳಿ.

ಬಿರುಕಿಗೆ ಎಪಾಕ್ಸಿ ಅಂಟು ತುಂಬಿದರೆ ಸಾಲದೇ ಅಂತ ಕೇಳುವವರಿದ್ದಾರೆ. ಅಂಚಿನಲ್ಲಿ ಚಕ್ಕೆ ಎದ್ದಿದ್ದರೆ ಸಾಕು, ಅದನ್ನು ಖುಷಿಯಿಂದ ಮಾಡಿಕೊಡುತ್ತೇವೆ. ಅದೇ ಕಲ್ಲಿನ ಪುಡಿಯನ್ನು ಎಪಾಕ್ಸಿಗೆ ಕಲಸಿ ತುಂಬಿ, ಗಟ್ಟಿಯಾದ ಮೇಲೆ ಬ್ಲೇಡಿನಿಂದ ಕೆರೆದು ಪಾಲಿಶ್ ಮಾಡಿದರೆ ಚಾಮರಾಜನಗರದ ಕಪ್ಪು ಕಲ್ಲಿನಲ್ಲಾಗಲಿ ಮಚ್ಚೆ ಜಾಸ್ತಿ ಇರುವ ಕಲ್ಲಿನಲ್ಲಾಗಲಿ ಹುಡುಕಿದರೂ ಸಿಗುವುದು ಕಷ್ಟ. ಬಿಳಿ ಕ್ವಾರ್ಟ್ಜ್‌ನಲ್ಲಿ ಮಾತ್ರ ಕಲೆ ಕಂಡೇ ಕಾಣುತ್ತದೆ, ಮೊದಲೇ ಹೇಳುತ್ತೇವೆ. ಆದರೆ ಸಿಂಕ್ ಮೂಲೆಯಿಂದ ಮುಂದಿನ ಅಂಚಿಗೆ ಓಡಿದ ಬಿರುಕಿನ ಕಥೆಯೇ ಬೇರೆ. ಸಿಂಕ್ ಮುಂದೆ ಉಳಿಯುವ ಕಲ್ಲಿನ ಪಟ್ಟಿ ಎರಡು ಮೂರು ಇಂಚು ಅಗಲ, 18 ಎಂಎಂ ದಪ್ಪ, ಅಷ್ಟೇ. ತುಂಬಿದ ಪಾತ್ರೆಗಳ ಭಾರ, ಒರಗಿ ನಿಂತವರ ಭಾರ ಎಲ್ಲ ಅದರ ಮೇಲೆ. ಅಂಟು ಮೇಲಿನ ಗೆರೆ ಮುಚ್ಚುತ್ತದೆ, ಕೆಳಗಿನ ಅಲುಗಾಟ ನಿಲ್ಲಿಸುವುದಿಲ್ಲ. ಹೊಸ ಕಲ್ಲಿಗೆ ಪೂರ್ತಿ ದುಡ್ಡು ಕೊಟ್ಟವರಿಗೆ ಅಂಥದ್ದನ್ನು ಕೊಡುವುದು ನ್ಯಾಯ ಅಲ್ಲ ಅನ್ನುವುದು ನಮ್ಮ ಗಟ್ಟಿ ಅಭಿಪ್ರಾಯ.

ಹಾಗಾದರೆ ನಿಮ್ಮಿಂದ ಏನು ಬೇಕು? ಸಿಂಕ್, ಹಾಬ್ ಎರಡನ್ನೂ ಮೊದಲೇ ಕೊಂಡು ಶೆಡ್‌ಗೆ ತಂದುಕೊಡಿ. ಮಾಡೆಲ್ ನಂಬರ್ ಸಾಲದು, ವಸ್ತುವೇ ಬೇಕು, ಯಾಕೆಂದರೆ ಪೆಟ್ಟಿಗೆಯ ಮೇಲಿನ ಅಳತೆಗೂ ಒಳಗಿನ ಸಿಂಕ್‌ಗೂ ಹೊಂದದೇ ಇರುವುದುಂಟು. ಹಾಲು ಉಕ್ಕಿಸುವ ಮುಹೂರ್ತ ಗೊತ್ತಾದ ಕೂಡಲೇ ತಿಳಿಸಿ. ಗೃಹಪ್ರವೇಶಕ್ಕೆ ಎರಡು ದಿನ ಇದೆ ಅಂತ ಅವಸರ ಮಾಡಿದರೆ ಒಪ್ಪಿಕೊಳ್ಳುವುದಿಲ್ಲ. ನಿಮ್ಮ ಸ್ಲ್ಯಾಬನ್ನು ನೀವೇ ಬಂದು ಒದ್ದೆ ಮಾಡಿ, ತಟ್ಟಿ, ನೋಡಿ ಆರಿಸಿ, ಚಾಕ್‌ನಿಂದ ಗುರುತು ಹಾಕಿ. ಕಪ್ಪು ಕಲ್ಲು ಆರಿಸುವವರು ಬಿಳಿ ಬಟ್ಟೆಗೆ ಸ್ವಲ್ಪ ನೈಲ್ ಪಾಲಿಶ್ ರಿಮೂವರ್ ಹಾಕಿ ಉಜ್ಜಿ ನೋಡಬಹುದು, ಬಣ್ಣ ಹಚ್ಚಿದ ಕಲ್ಲಾದರೆ ಬಟ್ಟೆಗೆ ಹತ್ತುತ್ತದೆ.

ಕೂರಿಸಿದ ದಿನ ನಮ್ಮವರು, ನೀವು ಜೊತೆಯಲ್ಲೇ ಇಡೀ ಕಟ್ಟೆಯನ್ನು ಹಗಲು ಬೆಳಕಿನಲ್ಲಿ ಪರೀಕ್ಷೆ ಮಾಡುತ್ತೀರಿ. ಅದು ಮುಗಿಯುವವರೆಗೆ ಬಿಲ್ಲಿನ 10% ನಿಮ್ಮ ಹತ್ತಿರವೇ ಇರಲಿ. ಆಮೇಲೆ ಪೇಂಟರ್, ಎಲೆಕ್ಟ್ರಿಷಿಯನ್ ಕಟ್ಟೆ ಹತ್ತಿ ನಿಲ್ಲದ ಹಾಗೆ ನೋಡಿಕೊಳ್ಳಿ, ಅದರಲ್ಲೂ ಸಿಂಕ್ ಮುಂದೆ. ಪರೀಕ್ಷೆ ಆದ ಮೇಲೆ ಹೀಗೆ ಒಡೆದರೆ ಬದಲಾಯಿಸುವ ಖರ್ಚು ನಿಮ್ಮದೇ ಆಗುತ್ತದೆ.

ಹೊಸ ದರ ಈ ತಿಂಗಳು ಬುಕ್ ಮಾಡಿದವರಿಗೆ ಇಲ್ಲ, ಹಳೆ ದರದಲ್ಲೇ ಶೆಡ್‌ನಲ್ಲಿ ಕೊರೆದು ಕೊಡುತ್ತೇವೆ. ಈಗಾಗಲೇ ಕಟ್ಟೆ ಹಾಕಿಸಿಕೊಂಡವರಿಗೆ ಎಲ್ಲಾದರೂ ಗೆರೆ ಕಂಡು ಅನುಮಾನ ಬಂದಿದ್ದರೆ ಒದ್ದೆ ಮಾಡಿ ಒಣಗುತ್ತಿರುವಾಗ ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ, ಬಿಲ್ಲಿನ ಮೇಲಿರುವ ನಂಬರಿಗೆ ವಾಟ್ಸ್ಆ್ಯಪ್ ಮಾಡಿ. ಭಾನುವಾರ ಬಿಟ್ಟು ಯಾವ ದಿನವಾದರೂ ಬಂದು ನೋಡುತ್ತೇವೆ, ನೋಡುವುದಕ್ಕೆ ದುಡ್ಡಿಲ್ಲ.

ಇಂತಿ,
ಶೆಡ್‌ನ ಎಲ್ಲರ ಪರವಾಗಿ