ರಜೆ ಪಟ್ಟಿಯ ಹಿಂದಿನ 1881ರ ಕಾಯ್ದೆ

ಮಾನ್ಯ ಸಂಪಾದಕರೇ,

ಮೊನ್ನೆ ಬ್ಯಾಂಕಿನ ಬಾಗಿಲಲ್ಲಿ ರಜೆ ಪಟ್ಟಿ ಅಂಟಿಸಿದ್ದರು. ಗೋಂದು ಬಿಟ್ಟು ಅದರ ತುದಿ ಮಡಚಿಕೊಂಡಿತ್ತು. ಬಿಡಿಸಿ ನೋಡಿದರೆ ತಲೆಯಲ್ಲಿ ‘ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಡಿ’ ಎಂದಿತ್ತು, ಅಂದರೆ ಚೆಕ್ಕು, ಪ್ರಾಮಿಸರಿ ನೋಟಿನಂಥ ಹಣದ ಪತ್ರಗಳ ಕಾಯ್ದೆ. ಜೊತೆಗಿದ್ದ ಮಗಳು, ‘ಹಬ್ಬಕ್ಕೂ ಚೆಕ್ಕಿಗೂ ಏನಪ್ಪಾ ಸಂಬಂಧ?’ ಎಂದಳು. ಒಳ್ಳೆಯ ಪ್ರಶ್ನೆ ಅಲ್ವಾ?

ಇದು ಬ್ರಿಟಿಷರು 1881ರಲ್ಲಿ ಮಾಡಿದ ಕಾಯ್ದೆ. ಪ್ರಾಮಿಸರಿ ನೋಟಿನಂಥ ಪತ್ರದ ಹಣ ಕೊಡಬೇಕಾದ ಗಡುವು ರಜೆಯ ದಿನ ಬಿದ್ದರೆ ಅದರ ಹಿಂದಿನ ಕೆಲಸದ ದಿನವೇ ಕೊಡಬೇಕು ಎನ್ನುತ್ತದೆ 25ನೇ ಕಲಂ. ಹಾಗಾದರೆ ರಜೆ ಯಾವುದು ಎಂದು ಹೇಳಲೇಬೇಕಾಯಿತು. ಆಗ ಕಾಯ್ದೆಯಲ್ಲೇ ಹೆಸರಿದ್ದದ್ದು ಭಾನುವಾರ, ಹೊಸ ವರ್ಷದ ಮೊದಲ ದಿನ, ಕ್ರಿಸ್ಮಸ್, ಗುಡ್ ಫ್ರೈಡೇ. ಯುಗಾದಿ, ದೀಪಾವಳಿ, ರಂಜಾನ್ ಇರಲಿಲ್ಲ. ಸ್ಥಳೀಯ ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಿಸಿದರೆ ಮಾತ್ರ ಅವಕ್ಕೆ ಜಾಗ. ಈ ನೆಲದ ಜನರ ಹಬ್ಬಕ್ಕೇ ಅಪ್ಪಣೆ ಬೇಕಿತ್ತು ಎನ್ನುವುದು ನನಗೆ ಇಂದಿಗೂ ನೋವಿನ ಸಂಗತಿ.

ದುಡಿಯುವವರ ವಿಶ್ರಾಂತಿಯ ಬಗ್ಗೆ ಆ ಕಲಂನಲ್ಲಿ ಒಂದು ಮಾತೂ ಇಲ್ಲ. ನಮ್ಮ ರಾಜ್ಯದ ಕಾರ್ಖಾನೆ ಕೆಲಸಗಾರರಿಗೆ ರಾಷ್ಟ್ರೀಯ ಮತ್ತು ಹಬ್ಬದ ರಜೆ ಸಿಗುವುದು ಬೇರೆಯೇ ಕಾಯ್ದೆಯಿಂದ, 1963ರದ್ದು. ಬ್ಯಾಂಕ್ ಮುಚ್ಚಿದರೆ ತಮಗೂ ರಜೆ ಎಂದು ತಿಳಿದು ಗೊಂದಲಕ್ಕೆ ಬೀಳುವವರನ್ನು ನಾನೇ ನೋಡಿದ್ದೇನೆ.

ಪ್ರತಿ ವರ್ಷ ರಜೆ ಪಟ್ಟಿ ಅಚ್ಚು ಹಾಕುವಾಗ ಯಾವ ರಜೆ ಯಾರಿಗೆ, ಯಾವ ಕಾಯ್ದೆಯಡಿ ಎಂದು ಸರ್ಕಾರ ಸರಳ ಕನ್ನಡದಲ್ಲಿ ಎರಡು ಸಾಲು ಸೇರಿಸಲಿ. ತಮ್ಮ ಪತ್ರಿಕೆಯೂ ಅದನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಧಾರವಾಡ